ಹೊಸ ಬ್ರೂವರಿಯಲ್ಲಿ ಒಂದು ಗ್ಲಾಸ್ ಬಿಯರ್‌ಗೆ 420 ರೂಪಾಯಿ: ಇದು ಸರಿಯಾದ ರೇಟಾ?

ಪ್ರಶ್ನೆ: ಸರ್, ನಾನು ವೈಟ್‌ಫೀಲ್ಡ್ ಕಡೆ ಇರುವವನು. ನಮ್ಮ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಹೊಸದಾಗಿ ಒಂದು ಕ್ರಾಫ್ಟ್ ಬ್ರೂವರಿ, ಅಂದರೆ ಅಲ್ಲೇ ಬಿಯರ್ ಮಾಡಿ ಅಲ್ಲೇ ಕುಡಿಸುವ ಜಾಗ, ಶುರುವಾಗಿದೆ. ಹೋದ ಶನಿವಾರ ಭಾಮೈದನ ಜೊತೆ ಅವರ ಟೇಸ್ಟಿಂಗ್ ರೂಂಗೆ ಹೋಗಿದ್ದೆ. ಮೊದಲು ಒಂದು ಸ್ಯಾಂಪ್ಲರ್ ತಗೊಂಡೆವು, ಆರು ಸಣ್ಣ ಗ್ಲಾಸ್, 750 ರೂಪಾಯಿ. ಆಮೇಲೆ ನಾಲ್ಕು ಪೈಂಟ್, ಒಂದಕ್ಕೆ 420. ಒಂದು ಪ್ಲೇಟ್ ಫ್ರೈಸ್ 320. ಅದರ ಮೇಲೆ ಸರ್ವಿಸ್ ಚಾರ್ಜ್ ಅಂತ ಶೇ. 10. ಟ್ಯಾಕ್ಸ್ ಎಲ್ಲ ಸೇರಿ ಬಿಲ್ 3,000 ದಾಟಿತು. ಅದೇ ರಸ್ತೆಯ ವೈನ್ ಶಾಪಿನಲ್ಲಿ 650 ಎಂಎಲ್ ಬಾಟಲಿ 200 ರೂಪಾಯಿಗೆ ಸಿಗುತ್ತದೆ. ಇದು ಲೂಟಿ ಅಲ್ವಾ? ಬಾಟಲಿ ಬಿಯರ್‌ನಲ್ಲಿ ಗ್ಲಿಸರಿನ್ ಇರುತ್ತೆ, ಇಲ್ಲಿ ಕೆಮಿಕಲ್ ಇಲ್ಲ, ಅದಕ್ಕೇ ಈ ರೇಟು ಅಂತ ಭಾಮೈದ ಹೇಳುತ್ತಾನೆ. ಆದರೆ ಮಾರನೇ ದಿನ ನನಗೆ ಹೊಟ್ಟೆ ಉಬ್ಬರ. ತಿಂಗಳಿಗೊಂದು ಸಲ ಹೋಗೋಣ ಅಂತ ಅವನು ಕೂತಿದ್ದಾನೆ. ಹೋಗಬಹುದಾ? ಹೋದರೆ ಏನು ನೋಡಿ ದುಡ್ಡು ಕೊಡಬೇಕು?

ಉತ್ತರ: ನಮಸ್ಕಾರ ಸರ್. ಬಿಲ್ಲಿನ ವಿವರ ಇಷ್ಟು ಚೆನ್ನಾಗಿ ಬರೆದಿದ್ದೀರಿ, ಆದರೆ ಒಂದು ಅಂಕಿ ಮಾತ್ರ ಇಲ್ಲ. ನೀವು ಕುಡಿದ ಪೈಂಟ್ ಎಷ್ಟು ಎಂಎಲ್? ನೀವು ಮರೆತಿದ್ದಲ್ಲ, ಬಹುಶಃ ಮೆನುವಿನಲ್ಲೇ ಇರಲಿಲ್ಲ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಪೈಂಟ್ ಅನ್ನೋದು ಒಂದೇ ಅಳತೆ ಅಲ್ಲ. ಇಂಗ್ಲೆಂಡಿನ ಪೈಂಟ್ 568 ಎಂಎಲ್. ಅಮೆರಿಕದ್ದು 473. ನಮ್ಮ ಊರಿನ ಬಾರಿನಲ್ಲಿ ‘ಒಂದು ಪೈಂಟ್ ಕೊಡಿ’ ಅಂದರೆ 330 ಎಂಎಲ್‌ನ ಸಣ್ಣ ಬಾಟಲಿ ತಂದಿಡುತ್ತಾರೆ. ಇನ್ನು ಬ್ರೂವರಿಗಳಲ್ಲಿ ಅವರವರ ಗ್ಲಾಸ್ ಎಷ್ಟು ಹಿಡಿಯುತ್ತದೋ ಅದೇ ಪೈಂಟ್. 330 ಇರಬಹುದು, 400 ಇರಬಹುದು, 500 ಇರಬಹುದು. ಈಗ ನಿಮ್ಮ 420 ರೂಪಾಯಿಯನ್ನು ಇದಕ್ಕೆ ಹಚ್ಚಿ ನೋಡಿ. ಗ್ಲಾಸ್ 330 ಎಂಎಲ್ ಆಗಿದ್ದರೆ 100 ಎಂಎಲ್‌ಗೆ 127 ರೂಪಾಯಿ ಬಿತ್ತು. 500 ಆಗಿದ್ದರೆ 84. ಅದೇ ಬಿಯರ್, ಅದೇ ಮೇಜು, ಆದರೆ ಒಂದಕ್ಕೆ ಇನ್ನೊಂದು ಒಂದೂವರೆ ಪಟ್ಟು. ಸ್ಯಾಂಪ್ಲರ್ ಕಥೆಯೂ ಇದೇ. ಸಣ್ಣ ಗ್ಲಾಸ್ 90 ಎಂಎಲ್ ಇದ್ದರೆ ಆರಕ್ಕೆ ಸಿಗೋದು 540 ಎಂಎಲ್, ಅಂದರೆ 100ಕ್ಕೆ 139 ರೂಪಾಯಿ. 125 ಎಂಎಲ್ ಇದ್ದರೆ ಸರಿಯಾಗಿ 100 ರೂಪಾಯಿ.

ನಾನು ಹದಿಮೂರು ವರ್ಷದಿಂದ ಬೆಂಗಳೂರಿನಲ್ಲಿ ಬಿಯರ್ ಮಾಡುವ ಕೆಲಸದಲ್ಲೇ ಇದ್ದೇನೆ. ಒಂದು ಕಡೆ ಕೆಲಸ ಮಾಡುವಾಗ ಒಂದು ಸೋಮವಾರ ಹೊಸ ಗ್ಲಾಸುಗಳು ಬಂದವು. ನೋಡಲು ಹಳೆಯದರಷ್ಟೇ ಎತ್ತರ, ತಳ ಮಾತ್ರ ಹೆಬ್ಬೆರಳಿನಷ್ಟು ದಪ್ಪ. ಲ್ಯಾಬಿನ ಅಳತೆ ಜಾರಿನಿಂದ ನೀರು ಸುರಿದು ನೋಡಿದೆ. 400ಕ್ಕೆ ತುಂಬಿ ಹೊರಗೆ ಚೆಲ್ಲಿತು. ಹಳೆಯದು 500 ಹಿಡಿಯುತ್ತಿತ್ತು. ಮೆನುವಿನಲ್ಲಿ ರೇಟೂ ಬದಲಾಗಲಿಲ್ಲ, ಹೆಸರೂ ಬದಲಾಗಲಿಲ್ಲ. ನಾನು ಮ್ಯಾನೇಜರ್ ಹತ್ತಿರ ಜಗಳ ಆಡಿದೆ, ಗೆಲ್ಲಲಿಲ್ಲ. ಎರಡು ವಾರಕ್ಕೆ ಒಬ್ಬ ಹಳೇ ಗಿರಾಕಿ ಗ್ಲಾಸ್ ಕೈಯಲ್ಲಿ ಹಿಡಿದು ತೂಗಿ ನೋಡಿ, ‘ಏನ್ರೀ ಇದು’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ದಿನದಿಂದ ನಾನು ಯಾರು ಕೇಳಿದರೂ ಹೇಳೋದು ಒಂದೇ: ರೇಟು ನೋಡುವ ಮೊದಲು ಎಂಎಲ್ ಕೇಳಿ. ಬೆಲೆ ಜಾಸ್ತಿ ಇಡೋದು ಅವರ ಇಷ್ಟ. ಅಳತೆ ಮುಚ್ಚಿಡೋದು ತಪ್ಪು.

ಈಗ ವೈನ್ ಶಾಪಿನ ಬಾಟಲಿ. 650 ಎಂಎಲ್‌ಗೆ 200 ಅಂದರೆ 100 ಎಂಎಲ್‌ಗೆ ಸುಮಾರು 31 ರೂಪಾಯಿ. ನಿಮ್ಮ ಗ್ಲಾಸ್ ಇದಕ್ಕಿಂತ ಮೂರು, ನಾಲ್ಕು ಪಟ್ಟು ದುಬಾರಿ. ಕೋಪ ಬರುವುದು ಸಹಜ. ಆದರೆ ಈ ಹೋಲಿಕೆ ಸ್ವಲ್ಪ ಅಡ್ಡದಾರಿ ಹಿಡಿಸುತ್ತದೆ. ಎಂಆರ್‌ಪಿ ಶಾಪಿನಲ್ಲಿ ಕೂತು ಕುಡಿಯುವಂತಿಲ್ಲ. ಅಲ್ಲಿ ಕುರ್ಚಿ ಇಲ್ಲ, ಗ್ಲಾಸ್ ತೊಳೆಯುವವರಿಲ್ಲ, ಟಾಯ್ಲೆಟ್ ಇಲ್ಲ, ಎಸಿ ಇಲ್ಲ. ಅದೇ ಬಾಟಲಿಯನ್ನು ಒಳ್ಳೆಯ ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಕೂತು ಕುಡಿದರೆ ಎಷ್ಟಾಗುತ್ತದೆ ಅಂತ ನೋಡಿ, ಅದನ್ನು ಬ್ರೂವರಿ ರೇಟಿಗೆ ಹೋಲಿಸಿ. ಅಂತರ ಅಲ್ಲೂ ಇರುತ್ತದೆ, ಆದರೆ ಇಷ್ಟು ದೊಡ್ಡದಾಗಿ ಕಾಣುವುದಿಲ್ಲ. ಉಳಿಯುವ ಆ ಅಂತರ ಯಾಕೆ ಬರುತ್ತದೆ ಅನ್ನೋದೇ ನಿಜವಾದ ಪ್ರಶ್ನೆ.

ಅದಕ್ಕೆ ಮೊದಲು ಗ್ಲಿಸರಿನ್ ವಿಷಯ ಮುಗಿಸಿಬಿಡೋಣ, ಯಾಕಂದರೆ ನಿಮ್ಮ ಭಾಮೈದ ಒಬ್ಬರೇ ಅಲ್ಲ, ವಾರಕ್ಕೆ ಒಬ್ಬರಾದರೂ ನನ್ನನ್ನು ಇದನ್ನು ಕೇಳುತ್ತಾರೆ. ಬಾಟಲಿಯನ್ನು ತಲೆಕೆಳಗಾಗಿ ನೀರಿನ ಲೋಟದಲ್ಲಿ ಅದ್ದಿ ಹಿಡಿಯುತ್ತಾರೆ. ಬಾಟಲಿಯ ಬಾಯಿಂದ ಎಳೆ ಎಳೆಯಾಗಿ ಏನೋ ದಪ್ಪಗೆ ಕೆಳಗೆ ಇಳಿಯುವುದು ಕಾಣುತ್ತದೆ. ‘ನೋಡು, ಗ್ಲಿಸರಿನ್ ಹೊರಗೆ ಹೋಯ್ತು’ ಅನ್ನುತ್ತಾರೆ. ಅದು ಗ್ಲಿಸರಿನ್ ಅಲ್ಲ, ಬಿಯರ್ರೇ. ಬಿಯರ್‌ನಲ್ಲಿ ಯೀಸ್ಟ್ (ಹುಳಿ ಬರಿಸಿ ಆಲ್ಕೋಹಾಲ್ ಮಾಡುವ ಸೂಕ್ಷ್ಮಜೀವಿ) ತಿನ್ನಲಾಗದೆ ಬಿಟ್ಟ ಸ್ವಲ್ಪ ಸಕ್ಕರೆ ಅಂಶ ಉಳಿದಿರುತ್ತದೆ. ಅದರಿಂದ ಬಿಯರ್ ನೀರಿಗಿಂತ ಶೇಕಡಾ ಒಂದರಷ್ಟು ಭಾರ. ಭಾರದ್ದು ಕೆಳಗೆ ಇಳಿಯುತ್ತದೆ, ನೀರು ಬಾಟಲಿಯೊಳಗೆ ಏರುತ್ತದೆ. ಶರಬತ್ತನ್ನು ನೀರಿಗೆ ಮೆಲ್ಲಗೆ ಬಿಟ್ಟರೆ ಹೇಗೆ ಎಳೆ ಕಾಣುತ್ತದೋ ಹಾಗೆ. ಮುಂದಿನ ಸಲ ಬ್ರೂವರಿಯ ಗ್ಲಾಸಿನ ಬಿಯರನ್ನು ಒಂದು ಸಣ್ಣ ಬಾಟಲಿಗೆ ತುಂಬಿ ಹೀಗೇ ಮಾಡಿ ನೋಡಲು ಭಾಮೈದನಿಗೆ ಹೇಳಿ. ಅದೇ ಎಳೆ ಕಾಣುತ್ತದೆ. ಹೀಗೆ ಮಾಡುವವರು ತೆಗೆದಿದ್ದು ಗ್ಲಿಸರಿನ್ ಅಲ್ಲ, ಬದಲಿಗೆ ತಮ್ಮ ಬಿಯರಿಗೆ ತಾವೇ ನೀರು ಬೆರೆಸಿಕೊಂಡಿದ್ದಾರೆ, ಅಷ್ಟೇ.

ಯೀಸ್ಟ್ ಹುಳಿ ಬರಿಸುವಾಗ ತಾನಾಗಿಯೇ ಒಂದಿಷ್ಟು ಗ್ಲಿಸರಾಲ್ (ಗ್ಲಿಸರಿನ್ನಿನದೇ ಇನ್ನೊಂದು ಹೆಸರು) ಮಾಡುತ್ತದೆ, ಲೀಟರಿಗೆ ಒಂದೆರಡು ಗ್ರಾಂ. ಅದು ಬಾಟಲಿ ಬಿಯರಿನಲ್ಲೂ ಇರುತ್ತದೆ, ನಾನು ಮಾಡುವ ಬಿಯರಿನಲ್ಲೂ ಇರುತ್ತದೆ, ವೈನಿನಲ್ಲಿ ಇನ್ನೂ ಜಾಸ್ತಿ ಇರುತ್ತದೆ. ಅದರಿಂದ ಭಯ ಬೇಡ. ಬಾಟಲಿ ಬಿಯರ್ ತಿಂಗಳುಗಟ್ಟಲೆ ಕೆಡದೆ ಇರಲು ಮುಖ್ಯ ಕಾರಣ ಬೇರೆ. ತುಂಬಿದ ಬಾಟಲಿಯನ್ನೇ ಸುಮಾರು 60 ಡಿಗ್ರಿ ಬಿಸಿನೀರಿನ ಸಿಂಪರಣೆಯಲ್ಲಿ ಹಾಯಿಸಿ ಪಾಶ್ಚರೀಕರಣ ಮಾಡುತ್ತಾರೆ, ಹಾಲಿಗೆ ಮಾಡಿದ ಹಾಗೆ. ಬ್ರೂವರಿಯ ಟ್ಯಾಪಿನಿಂದ ಬರುವ ಬಿಯರಿಗೆ ಸಾಮಾನ್ಯವಾಗಿ ಅದನ್ನು ಮಾಡುವುದಿಲ್ಲ. ಅದು ತಾಜಾ, ರುಚಿ ಜಾಸ್ತಿ, ಆದರೆ ಬೇಗ ಕೆಡುತ್ತದೆ. ತಾಜಾ ಬಿಯರ್ ಕುಡಿದರೆ ಮಾರನೇ ದಿನ ತಲೆನೋವು ಬರಲ್ಲ ಅನ್ನೋದೂ ಸುಳ್ಳೇ. ತಲೆನೋವಿಗೆ ದೊಡ್ಡ ಕಾರಣ ಆಲ್ಕೋಹಾಲ್, ಅದು ಎರಡರಲ್ಲೂ ಇದೆ.

ಸರಿ, ಹಾಗಾದರೆ ಖರ್ಚು ಎಲ್ಲಿಗೆ ಹೋಗುತ್ತದೆ? ಸಾಮಾನಿನಿಂದ ಶುರು ಮಾಡುತ್ತೇನೆ. ಬಿಯರಿಗೆ ಬೇಕಾಗಿದ್ದು ನೀರು, ಮಾಲ್ಟ್, ಹಾಪ್ಸ್ (ಕಹಿ, ಪರಿಮಳ ಕೊಡುವ ಒಂದು ಬಳ್ಳಿಯ ಹೂವು), ಯೀಸ್ಟ್. ಮಾಲ್ಟ್ ಅಂದರೆ ಗಾಬರಿ ಬೇಡ. ನಮ್ಮ ಅಜ್ಜಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿದು ಹಿಟ್ಟು ಮಾಡುತ್ತಿದ್ದರಲ್ಲ, ಅದೇ ಕೆಲಸ, ರಾಗಿ ಬದಲು ಬಾರ್ಲಿ ಅಥವಾ ಗೋಧಿ. ಬಾರ್ಲಿ ರಾಜಸ್ಥಾನ, ಹರಿಯಾಣದ ಕಡೆ ಬೆಳೆಯುತ್ತದೆ, ಸಾದಾ ಮಾಲ್ಟ್ ಇಲ್ಲೇ ಸಿಗುತ್ತದೆ. ಬಣ್ಣ, ಪರಿಮಳಕ್ಕೆ ಹಾಕುವ ವಿಶೇಷ ಮಾಲ್ಟ್ ಹೆಚ್ಚಾಗಿ ಜರ್ಮನಿ, ಬೆಲ್ಜಿಯಂನಿಂದ ಬರುತ್ತದೆ. ಹಾಪ್ಸ್ ಹೆಚ್ಚು ಕಡಿಮೆ ಎಲ್ಲವೂ ಹೊರಗಿನದೇ. ಅಮೆರಿಕದ ಯಾಕಿಮಾ ಕಣಿವೆ, ಜರ್ಮನಿಯ ಹಾಲರ್ಟೌ, ಅದನ್ನು ಬೆಳೆಯುವ ದೊಡ್ಡ ಸೀಮೆಗಳು ಇವೆರಡು.

ಬೆಳಗ್ಗೆ ಐದೂವರೆಗೆ ನಮ್ಮ ಕೆಲಸ ಶುರುವಾಗುತ್ತದೆ. 1,000 ಲೀಟರ್ ಬಿಯರಿಗೆ ಸುಮಾರು 200 ಕೆಜಿ ಮಾಲ್ಟ್ ಒಡೆದು 66, 67 ಡಿಗ್ರಿ ಬಿಸಿನೀರಿಗೆ ಹಾಕಿ ಒಂದು ಗಂಟೆ ಬಿಡುತ್ತೇವೆ. ಆಗ ಇಡೀ ಕಟ್ಟಡ ರಾಗಿ ಮಾಲ್ಟ್ ಕಾಯಿಸಿದ ಹಾಗೆ ಘಮ್ ಅನ್ನುತ್ತದೆ. ಆಮೇಲೆ ಸಿಹಿ ನೀರನ್ನು ಸೋಸಿ, ಒಂದು ಗಂಟೆ ಕುದಿಸಿ, ಹಾಪ್ಸ್ ಹಾಕಿ, ಕೂಡಲೇ ತಣಿಸಿ ಟ್ಯಾಂಕಿಗೆ ಬಿಡುತ್ತೇವೆ, ಯೀಸ್ಟ್ ಸೇರಿಸುತ್ತೇವೆ. ಸಂಜೆ ನಾಲ್ಕರ ಹೊತ್ತಿಗೆ ತೊಳೆಯುವ ಕೆಲಸವೂ ಮುಗಿಯುತ್ತದೆ. ಉಳಿದ ಮಾಲ್ಟ್ ಚರಟವನ್ನು ಹಸು ಸಾಕಿದವರು ಬಂದು ಒಯ್ಯುತ್ತಾರೆ.

ಇಷ್ಟರಲ್ಲಿ ಸಾಮಾನಿನ ಖರ್ಚು ನಿಮ್ಮ 420 ರೂಪಾಯಿಯ ಬಹಳ ಸಣ್ಣ ಭಾಗ. ಮಾಡುವವನಾಗಿ ಇದನ್ನು ಒಪ್ಪಿಕೊಳ್ಳುತ್ತೇನೆ. ‘ಇಂಪೋರ್ಟೆಡ್ ಮಾಲ್ಟ್ ಸರ್, ಅದಕ್ಕೇ ಕಾಸ್ಟ್ಲಿ’ ಅಂತ ಸರ್ವರ್ ಹೇಳಿದರೆ ಅದನ್ನು ಪೂರ್ತಿ ನಂಬಬೇಡಿ. ನಿಜವಾದ ಖರ್ಚು ಟ್ಯಾಂಕಿನಲ್ಲಿದೆ, ಟ್ಯಾಂಕ್ ಕೂತ ಜಾಗದಲ್ಲಿದೆ.

ಯಾಕೆ ಅಂತ ನೋಡಿ. ಗೋಧಿ ಬಿಯರ್, ಏಲ್ ತರಹದವು 20 ಡಿಗ್ರಿ ಆಸುಪಾಸಿನಲ್ಲಿ ಹುಳಿ ಬಂದು ಎರಡು, ಮೂರು ವಾರಕ್ಕೆ ಕುಡಿಯಲು ಸಿದ್ಧ. ಲಾಗರ್ ಹಾಗಲ್ಲ. ಅದಕ್ಕೆ 10 ಡಿಗ್ರಿ ಹತ್ತಿರದ ಚಳಿ ಬೇಕು, ಆಮೇಲೆ ಸೊನ್ನೆ ಡಿಗ್ರಿ ಹತ್ತಿರ ವಾರಗಟ್ಟಲೆ ಸುಮ್ನೆ ಮಲಗಬೇಕು. ಸರಿಯಾಗಿ ಮಾಡಿದರೆ ಐದು, ಆರು ವಾರ. ಅಂದರೆ ಒಂದೇ ಟ್ಯಾಂಕಿನಲ್ಲಿ ವರ್ಷಕ್ಕೆ ಹದಿನೇಳು ಸಲ ಗೋಧಿ ಬಿಯರ್ ತೆಗೆಯಬಹುದು, ಲಾಗರ್ ಆದರೆ ಎಂಟು ಸಲ. ಅಷ್ಟೂ ದಿನ ಚಿಲ್ಲರ್ ಹಗಲು ರಾತ್ರಿ ಓಡುತ್ತಿರಬೇಕು. (ಆ ಚಿಲ್ಲರಿನಲ್ಲಿ ಗ್ಲೈಕಾಲ್ ಅಂತ ಒಂದು ದ್ರವ ಓಡುತ್ತದೆ. ಅದು ಟ್ಯಾಂಕಿನ ಹೊರಗಿನ ಪದರದಲ್ಲೇ ಸುತ್ತುತ್ತದೆ, ಬಿಯರ್ ಮುಟ್ಟುವುದಿಲ್ಲ. ಗ್ಲಿಸರಿನ್ ಗಾಳಿಸುದ್ದಿಗೆ ಈ ಹೆಸರೂ ಸ್ವಲ್ಪ ಉಪ್ಪು ಖಾರ ಹಾಕಿದೆ ಅಂತ ನನಗೆ ಅನುಮಾನ.) ನೋಡಲು ತೆಳ್ಳಗೆ, ಸಾದಾ ಅನ್ನಿಸುವ ಲಾಗರ್ ನಮಗೆ ಅತಿ ಹೆಚ್ಚು ಟ್ಯಾಂಕ್ ದಿನ ತಿನ್ನುವ ಬಿಯರ್. ಗಿರಾಕಿಗೆ ಇದು ಗೊತ್ತಾಗುವುದೇ ಇಲ್ಲ.

ಐಪಿಎ (ಇಂಡಿಯಾ ಪೇಲ್ ಏಲ್, ಹಾಪ್ಸ್ ಜಾಸ್ತಿ ಹಾಕಿದ ಬಿಯರ್) ದುಬಾರಿ ಆಗೋದು ಬೇರೆ ದಾರಿಯಲ್ಲಿ. ಗೋಧಿ ಬಿಯರಿಗೆ 1,000 ಲೀಟರಿಗೆ ಒಂದು ಕೆಜಿ ಆಸುಪಾಸು ಹಾಪ್ಸ್ ಸಾಕು. ಮಬ್ಬು ಮಬ್ಬಾಗಿ ಮಾವಿನಹಣ್ಣು, ಕಿತ್ತಳೆ ವಾಸನೆ ಬರುವ ಐಪಿಎಗೆ ಹತ್ತು ಕೆಜಿ ಅಥವಾ ಅದಕ್ಕೂ ಜಾಸ್ತಿ ಬೇಕಾಗುತ್ತದೆ. ಅದೂ ತಣ್ಣಗಾದ ಮೇಲೆ ಟ್ಯಾಂಕಿಗೆ ಸುರಿಯಬೇಕು. ಹಾಪ್ಸ್ ಪುಡಿ ಬಿಯರನ್ನು ಸ್ಪಂಜಿನ ಹಾಗೆ ಹೀರುತ್ತದೆ. ಟ್ಯಾಂಕಿನ ತಳ ಬಿಚ್ಚಿದಾಗ ಹಸಿರು ಕೆಸರು ಬರುತ್ತದಲ್ಲ, ಅದರಲ್ಲಿ ನೂರು ಲೀಟರ್ ಬಿಯರ್ ಹೋಗಿರುತ್ತದೆ. ಹಾಗಾಗಿ ಐಪಿಎಗೆ 60, 80 ರೂಪಾಯಿ ಜಾಸ್ತಿ ಇಟ್ಟರೆ ನಾನು ತಪ್ಪು ಅನ್ನುವುದಿಲ್ಲ. ಆದರೆ ಎಲ್ಲ ಬಿಯರಿಗೂ ಒಂದೇ ರೇಟು ಇಟ್ಟ ಕಡೆ ಗೋಧಿ ಬಿಯರ್ ಕುಡಿಯುವವರು ಐಪಿಎ ಕುಡಿಯುವವರ ಖರ್ಚನ್ನೂ ಸ್ವಲ್ಪ ಹೊರುತ್ತಿದ್ದಾರೆ.

ಇದರ ಮೇಲೆ ಜಾಗ. 2010, 11ರ ಸುಮಾರಿಗೆ ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿಗಳು, ಅಂದರೆ ಇಂಥ ಸಣ್ಣ ಬ್ರೂವರಿಗಳು, ಶುರುವಾದಾಗಿನಿಂದ ಲೆಕ್ಕ ಇದೇ: ಮಾಡಿದ ಬಿಯರನ್ನು ಅದೇ ಜಾಗದಲ್ಲಿ ಕುಡಿಸಬೇಕು, ಬಾಟಲಿಗೆ ತುಂಬಿ ಅಂಗಡಿಗೆ ಕಳಿಸುವಂತಿಲ್ಲ. 2020ರ ಲಾಕ್‌ಡೌನಿನಲ್ಲಿ ಟ್ಯಾಂಕುಗಳಲ್ಲಿ ಬಿಯರ್ ಉಳಿದು ಕೆಡುವ ಸ್ಥಿತಿ ಬಂದಾಗ, ಮನೆಗೆ ಕಟ್ಟಿಕೊಂಡು ಹೋಗಲು ಸರ್ಕಾರ ತಾತ್ಕಾಲಿಕವಾಗಿ ಬಿಟ್ಟಿತ್ತು. ಅದು ಆ ಹೊತ್ತಿನ ಮಾತು. ಹೀಗಾಗಿ ಟ್ಯಾಂಕನ್ನು ಊರ ಹೊರಗಿನ ಶೆಡ್ಡಿನಲ್ಲಿ ಇಟ್ಟು ಅಂಗಡಿ ಅಂಗಡಿಗೆ ಕಳಿಸುವ ದಾರಿ ಮೈಕ್ರೋಬ್ರೂವರಿಗೆ ಇಲ್ಲ. ವೈಟ್‌ಫೀಲ್ಡ್, ಇಂದಿರಾನಗರದಂಥ ಕಡೆ ಮೇಜು ಹಾಕಬಹುದಾದ ಜಾಗವನ್ನೇ ಟ್ಯಾಂಕುಗಳು ನುಂಗುತ್ತವೆ. ನೀವು ಕುಡಿಯುವ ಪ್ರತಿ ಗ್ಲಾಸೂ ಆ ಬಾಡಿಗೆ ಕಟ್ಟುತ್ತದೆ. ವೈನ್ ಶಾಪಿನ ಬಾಟಲಿಯಾದರೆ ದೊಡ್ಡ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಲೀಟರ್ ಲೆಕ್ಕದಲ್ಲಿ ತಯಾರಾಗಿ, ಸರ್ಕಾರದ ಪಾನೀಯ ನಿಗಮದ ಡಿಪೋ ಮೂಲಕ ಬರುತ್ತದೆ. ಅದರಲ್ಲಿ ಮಾಲ್ಟ್ ಜೊತೆ ಅಕ್ಕಿ, ಸಕ್ಕರೆ ಸೇರಿಸಿ ಖರ್ಚು ಇಳಿಸುವುದೂ ಉಂಟು.

ಟ್ಯಾಕ್ಸಿನ ಮಾತೂ ಸ್ವಲ್ಪ ಹೇಳಬೇಕು. ಕುಡಿಯುವ ಮದ್ಯ ಜಿಎಸ್‌ಟಿ ಒಳಗೆ ಬರುವುದಿಲ್ಲ, ಅಬಕಾರಿ ಸುಂಕ ರಾಜ್ಯದ್ದು. ಆದರೆ ಬ್ರೂವರಿ ಕೊಳ್ಳುವ ಟ್ಯಾಂಕು, ಮಷೀನು, ಹಾಪ್ಸು ಇವಕ್ಕೆ ಕಟ್ಟಿದ ಜಿಎಸ್‌ಟಿಯನ್ನು ಬೇರೆ ಉದ್ಯಮದವರ ಹಾಗೆ ವಾಪಸ್ ಹೊಂದಿಸಿಕೊಳ್ಳಲು ಆಗುವುದಿಲ್ಲ. ಅದು ಖರ್ಚಾಗಿಯೇ ಉಳಿದು ನಿಮ್ಮ ಗ್ಲಾಸಿಗೆ ಬರುತ್ತದೆ. ಬಾಟಲಿ ಬಿಯರಿನ ಟ್ಯಾಕ್ಸೂ ಕಡಿಮೆ ಏನಿಲ್ಲ. 2023ರ ಜುಲೈ ಬಜೆಟ್ಟಿನಲ್ಲಿ ರಾಜ್ಯದಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ. 175ರಿಂದ 185ಕ್ಕೆ ಏರಿತು, ಆಮೇಲೂ ಏರಿದೆ.

ನೀರನ್ನೂ ಮರೆಯಬಾರದು. ಒಂದು ಲೀಟರ್ ಬಿಯರಿಗೆ ತೊಳೆಯುವುದೂ ಸೇರಿ ಐದಾರು ಲೀಟರ್ ನೀರು ಹೋಗುತ್ತದೆ. ನಿಮ್ಮ ಕಡೆ ಕೊಳವೆಬಾವಿ, ಟ್ಯಾಂಕರ್ ನೀರಿನ ಗಡಸುತನ ನಿಮಗೇ ಗೊತ್ತು. ಅದನ್ನು ಆರ್‌ಒ ಮಾಡದೆ ಒಳ್ಳೆಯ ಬಿಯರ್ ಆಗುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ನಿಮ್ಮದು 500 ಎಂಎಲ್ ಗ್ಲಾಸ್ ಆಗಿದ್ದು, ಬಿಯರ್ ತಾಜಾ ಆಗಿದ್ದರೆ 420 ಅನ್ನೋದು ದುಬಾರಿ, ಆದರೆ ಲೂಟಿ ಅಲ್ಲ. 330 ಎಂಎಲ್ ಆಗಿದ್ದು, ಅದೂ ಸಾದಾ ಗೋಧಿ ಬಿಯರ್ ಆಗಿದ್ದರೆ ನಿಮ್ಮ ಕೋಪಕ್ಕೆ ಅರ್ಥ ಇದೆ. ಆ ರೇಟಿನಲ್ಲಿ ನೀವು ಬಿಯರಿಗಿಂತ ಜಾಸ್ತಿ ಅಲ್ಲಿನ ದೀಪ, ಗೋಡೆ, ಮ್ಯೂಸಿಕ್ಕಿಗೆ ಕೊಡುತ್ತಿದ್ದೀರಿ. ಅದು ನಿಮಗೆ ಬೇಕಾದರೆ ಸರಿ, ಬೇಡವಾದರೆ ಬೇರೆ ಕಡೆ ಹೋಗಿ.

ಸರ್ವಿಸ್ ಚಾರ್ಜ್ ವಿಷಯದಲ್ಲಿ ಮಾತ್ರ ಅನುಮಾನವೇ ಬೇಡ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ನಿಮ್ಮ ಬಿಲ್ಲಿನಲ್ಲಿ ಅದು 275 ರೂಪಾಯಿ. ‘ಸರ್ವಿಸ್ ಚಾರ್ಜ್ ತೆಗೆದು ಬಿಲ್ ಕೊಡಿ’ ಅಂತ ಮೆಲ್ಲಗೆ ಹೇಳಿದರೆ ಸಾಕು, ಹೆಚ್ಚಿನ ಕಡೆ ತೆಗೆಯುತ್ತಾರೆ. ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಹುಡುಗ ಚೆನ್ನಾಗಿ ನೋಡಿಕೊಂಡಿದ್ದರೆ ಅವನ ಕೈಗೇ ಟಿಪ್ಸ್ ಕೊಡಿ.

ಹೊಟ್ಟೆ ಉಬ್ಬರಕ್ಕೆ ಬರೋಣ. ಒಂದು ಲೀಟರ್ ಬಿಯರಿನಲ್ಲಿ ಸುಮಾರು ಎರಡೂವರೆ ಲೀಟರಿನಷ್ಟು ಗ್ಯಾಸ್ ಕರಗಿರುತ್ತದೆ, ಗೋಧಿ ಬಿಯರಿನಲ್ಲಿ ಇನ್ನೂ ಜಾಸ್ತಿ. ಅದು ಗ್ಲಾಸಿನಲ್ಲಿ ನೊರೆಯಾಗಿ ಹೊರಗೆ ಹೋಗಬೇಕು, ಇಲ್ಲದಿದ್ದರೆ ಹೊಟ್ಟೆಯಲ್ಲಿ ಹೊರಗೆ ಬರುತ್ತದೆ. ನಮ್ಮಲ್ಲಿ ಬಹಳ ಜನ ನೊರೆ ಕಂಡರೆ ಮೋಸ ಅಂದುಕೊಂಡು ‘ಫುಲ್ ಹಾಕಿ’ ಅನ್ನುತ್ತಾರೆ. ಎರಡು ಬೆರಳು ನೊರೆ ಇರಲಿ ಸರ್. ಹೊಟ್ಟೆಗೂ ಒಳ್ಳೆಯದು, ಪರಿಮಳವೂ ಅದರಲ್ಲೇ ಬರುತ್ತದೆ. ನೊರೆಗೆ ಬೇರೆಯಾಗಿ ಜಾಗ ಬಿಟ್ಟು ಗ್ಲಾಸಿನ ಮೇಲೆ ಗೆರೆ ಹಾಕಿರುವ ಕಡೆ ಅಳತೆಯಲ್ಲೂ ಮೋಸ ಆಗಲ್ಲ. ಇನ್ನು ಸೋಸದ ಬಿಯರಿನಲ್ಲಿ ಯೀಸ್ಟ್ ಉಳಿದಿರುತ್ತದೆ. ಅದು ವಿಷ ಅಲ್ಲ, ಆದರೆ ಕೆಲವರ ಹೊಟ್ಟೆಗೆ ಒಗ್ಗುವುದಿಲ್ಲ. ಅದರ ಮೇಲೆ ಎಣ್ಣೆಯ ಫ್ರೈಸ್. ಪ್ರತಿ ಸಲವೂ ಹೀಗೇ ಆದರೆ ಗೋಧಿ ಬಿಯರ್ ಬಿಟ್ಟು ತಿಳಿ ಲಾಗರ್ ಕುಡಿದು ನೋಡಿ. ಆಗಲೂ ಆದರೆ, ಅಥವಾ ಗೋಧಿ ಆಗದವರು, ಯೂರಿಕ್ ಆಸಿಡ್ ತೊಂದರೆ ಇರುವವರಾದರೆ, ಡಾಕ್ಟರನ್ನು ಕೇಳಿ.

ಬಿಯರ್ ಕೆಟ್ಟಿತ್ತಾ ಅನ್ನೋದನ್ನೂ ನೋಡಬೇಕು. ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬಂದರೆ ಅದು ಯೀಸ್ಟಿನದು, ಹಾಗೇ ಇರಬೇಕು. ಆದರೆ ಲಾಗರಿನಲ್ಲಿ ಬೆಣ್ಣೆ ವಾಸನೆ, ವಿನೆಗರ್ ಹುಳಿ, ಒದ್ದೆ ರಟ್ಟಿನ ವಾಸನೆ ಬಂದರೆ ಏನೋ ಎಡವಟ್ಟಾಗಿದೆ. ಅರ್ಧಂಬರ್ಧ ಹುಳಿ ಬರಿಸಿ ಅವಸರದಲ್ಲಿ ಟ್ಯಾಪಿಗೆ ಹಾಕಿರಬಹುದು, ಪೈಪು ತೊಳೆಯದೆ ಇರಬಹುದು. ಬಿಯರ್ ಪೈಪನ್ನು ಎರಡು ವಾರಕ್ಕೊಮ್ಮೆಯಾದರೂ ಕ್ಷಾರ ಹಾಕಿ ತೊಳೆಯಬೇಕು. ಗ್ಲಾಸಂತೂ ನೀವೇ ನೋಡಬಹುದು. ಬಿಯರ್ ತುಂಬಿದ ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ನಿಂತಿದ್ದರೆ ಅಲ್ಲಿ ಎಣ್ಣೆಯೋ ಸೋಪೋ ಉಳಿದಿದೆ ಅಂತ ಅರ್ಥ. ಶುಭ್ರ ಗ್ಲಾಸಿನಲ್ಲಿ ಗುಳ್ಳೆ ನಡುವಿನಿಂದ ಮೇಲೇರುತ್ತದೆ, ಕುಡಿದಂತೆಲ್ಲ ನೊರೆ ಗೋಡೆ ಮೇಲೆ ಬಳೆ ಬಳೆಯಾಗಿ ಗುರುತು ಬಿಡುತ್ತದೆ. ಕೆಟ್ಟ ವಾಸನೆ ಬಂದರೆ ಎರಡು ಗುಟುಕಿಗೇ ವಾಪಸ್ ಕೊಡಿ. ಪೂರ್ತಿ ಕುಡಿದು ದೂರು ಹೇಳಿದರೆ ಯಾರೂ ಕೇಳುವುದಿಲ್ಲ.

ತಿಂಗಳಿಗೊಂದು ಸಲ ಹೋಗುವುದಾದರೆ ನಿಮಗೆ ದಾರಿಗಳಿವೆ. ವಾರದ ದಿನ ಮಧ್ಯಾಹ್ನ, ಸಂಜೆ ಹ್ಯಾಪಿ ಅವರ್ ಇಡುವ ಕಡೆ ರೇಟು ಎಷ್ಟೋ ಇಳಿಯುತ್ತದೆ. ಅದರ ತೊಂದರೆ ಏನಂದರೆ, ಟೈಮ್ ಮುಗಿಯುವುದರೊಳಗೆ ಅಂತ ಬೇಗ ಬೇಗ ಕುಡಿಯುವುದು, ಲಾಸ್ಟ್ ಆರ್ಡರ್ ಅಂತ ಎರಡು ಗ್ಲಾಸ್ ಒಟ್ಟಿಗೆ ತರಿಸುವುದು. ಪಿಚರ್ (ದೊಡ್ಡ ಜಗ್ಗು), ಟವರ್ (ಮೇಜಿನ ಮೇಲಿಡುವ ನಲ್ಲಿ ಇರುವ ಎತ್ತರದ ಕೊಳವೆ) ತರಿಸಿದರೆ 100 ಎಂಎಲ್ ಲೆಕ್ಕದಲ್ಲಿ ಅಗ್ಗ. ಆದರೆ ಇಬ್ಬರೇ ಇದ್ದರೆ ಬೇಡ, ಅರ್ಧಕ್ಕೆ ಬರುವ ಹೊತ್ತಿಗೆ ಬೆಚ್ಚಗಾಗಿ ಸಪ್ಪೆ ಆಗಿರುತ್ತದೆ. ಸ್ಯಾಂಪ್ಲರ್ ಮೊದಲ ಸಲಕ್ಕೆ ಸರಿ, ಪ್ರತಿ ಸಲ ಬೇಡ. ಇಷ್ಟವಾದದ್ದು ಗೊತ್ತಾದ ಮೇಲೂ ಅನುಮಾನ ಇದ್ದರೆ ‘ಒಂದು ಗುಟುಕು ರುಚಿ ನೋಡಬಹುದಾ’ ಅಂತ ಕೇಳಿ. ಒಳ್ಳೆಯ ಜಾಗದಲ್ಲಿ ದುಡ್ಡಿಲ್ಲದೆ ಕೊಡುತ್ತಾರೆ. ಕ್ಯಾನಿನಲ್ಲಿ ಬರುವ ಕ್ರಾಫ್ಟ್ ಬಿಯರ್ ಈಗ ಅಂಗಡಿಯಲ್ಲೂ ಸಿಗುತ್ತದೆ, ಮನೆಯಲ್ಲಿ ಕುಡಿಯುವವರಿಗೆ ಅದು ಅಗ್ಗದ ದಾರಿ. ತಳದಲ್ಲಿರುವ ತಯಾರಿಕೆ ದಿನಾಂಕ ನೋಡಿ, ಫ್ರಿಜ್ಜಿನಲ್ಲಿಟ್ಟದ್ದನ್ನೇ ತನ್ನಿ. ಐಪಿಎ ಮೂರು ತಿಂಗಳು ಬಿಸಿಲಿನ ಶೆಲ್ಫಿನಲ್ಲಿ ಕೂತಿದ್ದರೆ ಹಾಪ್ಸ್ ಪರಿಮಳ ಹೋಗಿ ಬರೀ ಕಹಿ ಉಳಿದಿರುತ್ತದೆ. ಮನೆಯಲ್ಲೇ ಬಿಯರ್ ಮಾಡೋಣ ಅಂತ ಭಾಮೈದ ಅಂದರೆ ಮಾತ್ರ ಬೇಡ ಅನ್ನಿ. ಲೈಸೆನ್ಸ್ ಇಲ್ಲದೆ ಮಾಡುವುದು ಅಬಕಾರಿ ಕಾಯ್ದೆಯಲ್ಲಿ ಅಪರಾಧ.

ಒಂದು ವಿಷಯ ನನ್ನ ಕೆಲಸದವರೇ ಗಿರಾಕಿಗೆ ಸರಿಯಾಗಿ ಹೇಳುವುದಿಲ್ಲ, ನನಗೆ ಅದು ಬೇಸರ. ಬಿಯರ್ ಅಂದರೆ ಹಗುರ ಅಂತ ಜನ ನಂಬಿದ್ದಾರೆ, ಕಪ್ಪು ಬಿಯರ್ ಅಂದರೆ ಸ್ಟ್ರಾಂಗ್ ಅಂತಲೂ ನಂಬಿದ್ದಾರೆ. ಬಣ್ಣಕ್ಕೂ ಆಲ್ಕೋಹಾಲಿಗೂ ಸಂಬಂಧ ಇಲ್ಲ. ಹುರಿದ ಮಾಲ್ಟಿನಿಂದ ಕಪ್ಪಾದ ಸ್ಟೌಟ್ ಶೇ. 4.5 ಇರಬಹುದು, ಹೊಂಬಣ್ಣದ ಐಪಿಎ ಶೇ. 7 ಇರಬಹುದು. 500 ಎಂಎಲ್ ಶೇ. 7ರ ಬಿಯರಿನಲ್ಲಿ 35 ಎಂಎಲ್ ಶುದ್ಧ ಆಲ್ಕೋಹಾಲ್ ಇದೆ. ನಮ್ಮ ಕಡೆಯ ವಿಸ್ಕಿ ಶೇ. 42.8. ಅದರ 30 ಎಂಎಲ್ ಪೆಗ್ಗಿನಲ್ಲಿ ಸುಮಾರು 13 ಎಂಎಲ್. ಅಂದರೆ ಆ ಒಂದು ಗ್ಲಾಸ್ ಬಿಯರ್ ಹತ್ತಿರ ಹತ್ತಿರ ಮೂರು ಪೆಗ್. ಎರಡು ಗ್ಲಾಸ್ ಕುಡಿದು ‘ಬಿಯರ್ ತಾನೇ’ ಅಂತ ಬೈಕ್ ಹತ್ತುವವರನ್ನು ನೋಡಿದರೆ ನನಗೆ ನಿಜವಾಗಿ ಭಯ ಆಗುತ್ತದೆ. ರಕ್ತದಲ್ಲಿ 100 ಎಂಎಲ್‌ಗೆ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಒಂದೇ ಗ್ಲಾಸ್ ಸ್ಟ್ರಾಂಗ್ ಬಿಯರಿಗೆ ಆ ಗಡಿ ದಾಟುವವರು ಬೇಕಾದಷ್ಟು. ನಿಮಗೆ 2023ರ ಅಕ್ಟೋಬರಿನಿಂದ ವೈಟ್‌ಫೀಲ್ಡ್‌ವರೆಗೂ ನೇರಳೆ ಮೆಟ್ರೋ ಇದೆ, ಮನೆ ಬರೀ ಎರಡು ಕಿಲೋಮೀಟರ್. ಗಾಡಿ ಮನೆಯಲ್ಲೇ ಬಿಡಿ.

ಮುಂದಿನ ಸಲ ಹೋದಾಗ ಮೇಜಿಗೆ ಕೂರುವ ಮೊದಲು ಬಾರ್ ಕೌಂಟರ್ ಹತ್ತಿರ ಒಂದು ನಿಮಿಷ ನಿಲ್ಲಿ. ಗ್ಲಾಸ್ ಎಷ್ಟು ಎಂಎಲ್, ಈ ಬಿಯರ್ ಎಷ್ಟು ಪರ್ಸೆಂಟ್, ಯಾವ ಟ್ಯಾಂಕ್ ಈ ವಾರ ಹೊಸದಾಗಿ ತೆಗೆದಿದ್ದೀರಿ ಅಂತ ಕೇಳಿ. ತಮ್ಮ ಬಿಯರ್ ಗೊತ್ತಿರುವವರು ಖುಷಿಯಿಂದ ಹೇಳುತ್ತಾರೆ, ಕೆಲವು ಸಲ ಬ್ರೂವರನ್ನೇ ಕರೆಸುತ್ತಾರೆ. ಬೆಳಗ್ಗೆಯಿಂದ ಮಾಲ್ಟ್ ಕದಡಿ ಸುಸ್ತಾಗಿದ್ದರೂ ಅಂಥ ಪ್ರಶ್ನೆ ಕೇಳುವವರು ಸಿಕ್ಕರೆ ನಾವು ಅರ್ಧ ಗಂಟೆ ನಿಂತು ಮಾತಾಡುತ್ತೇವೆ.